‘823 ವರ್ಷಕ್ಕೊಮ್ಮೆ ಬರುವ ತಿಂಗಳು’ ನಿಜವೇ? ಒಂದು ತಮಾಷೆ ಧರ್ಮದ ಕ್ಯಾಲೆಂಡರ್ ಕಲಿಸುವ ಪಾಠ

ಐರಣಿ ರಾಣೇಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ, ಹಳೆಯ ಕೋಟೆಯ ಊರು. ಯುಗಾದಿ ಮುಗಿದ ಮೇಲೆ ಅಲ್ಲಿಂದ ಓದುಗರೊಬ್ಬರು ನಮಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಅವರ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿದ್ದ ಫಾರ್ವರ್ಡ್ ಅದು. ಅದರ ಸಾರಾಂಶ ಇಷ್ಟು: 2026ರ ಮೇ ತಿಂಗಳಲ್ಲಿ ಐದು ಶುಕ್ರವಾರ, ಐದು ಶನಿವಾರ, ಐದು ಭಾನುವಾರ ಬರುತ್ತವೆ. ಇಂಥ ತಿಂಗಳು 823 ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಇದನ್ನು ‘ಹಣದ ಚೀಲ’ ಎನ್ನುತ್ತಾರೆ. ಐದು ಜನರಿಗೆ ಕಳಿಸಿದರೆ ನಾಲ್ಕು ದಿನದಲ್ಲಿ ದುಡ್ಡು ಬರುತ್ತದೆ, ಕಳಿಸದೆ ಬಿಟ್ಟರೆ ನಷ್ಟ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸ್ಕ್ರೀನ್‌ಶಾಟ್‌ನ ಕೆಳಗೆ ಅವರು ಹೀಗೆ ಬರೆದಿದ್ದರು: ‘ನಮ್ಮ ಅಪ್ಪಾರ ಕಣ್ಣಿನ ಪೊರಿ ಆಪರೇಶನ್ ಏಪ್ರಿಲ್ ಕೊನೀಗಿ ಐತ್ರಿ. ಅವ್ವ ಇದನ್ನ ಓದಿ, ಮೇ ತಿಂಗಳಾಗ ಮಾಡಸೂಣು, ಛಲೋ ತಿಂಗಳ ಐತಿ ಅಂತಾಳ. ಡಾಕ್ಟರು ಕೊಟ್ಟ ತಾರೀಖು ಬಿಡೂದಾ? ಇದು ಖರೇನಾ ಸುಳ್ಳಾ ಹೇಳ್ರಿ.’

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಐದು ಶುಕ್ರವಾರ, ಐದು ಶನಿವಾರ, ಐದು ಭಾನುವಾರ ಬರುವುದು ನಿಜ. 823 ವರ್ಷ ಎಂಬುದು ಸುಳ್ಳು. ದುಡ್ಡು ಮತ್ತು ಶುಭದ ಮಾತಿಗೆ ಯಾವ ಆಧಾರವೂ ಇಲ್ಲ. ಒಂದೇ ಸಂದೇಶದಲ್ಲಿ ಒಂದು ನಿಜ, ಒಂದು ಸುಳ್ಳು, ಒಂದು ಆಸೆ ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ವಾರಕ್ಕೆ 7 ದಿನ. 28 ದಿನಕ್ಕೆ ಸರಿಯಾಗಿ 4 ವಾರ. ತಿಂಗಳಲ್ಲಿ 31 ದಿನ ಇದ್ದರೆ 3 ದಿನ ಹೆಚ್ಚಾಗಿ ಉಳಿಯುತ್ತವೆ. ಹಾಗಾಗಿ 31 ದಿನದ ಯಾವುದೇ ತಿಂಗಳಲ್ಲಿ ಮೂರು ವಾರಗಳು ಐದೈದು ಸಲ ಬಂದೇ ಬರುತ್ತವೆ. ತಿಂಗಳು ಶುಕ್ರವಾರ ಶುರುವಾದರೆ ಆ ಮೂರು ವಾರಗಳು ಶುಕ್ರ, ಶನಿ, ಭಾನು. ಸೋಮವಾರ ಶುರುವಾದರೆ ಸೋಮ, ಮಂಗಳ, ಬುಧ. ಇಷ್ಟೇ ಗುಟ್ಟು.

ವರ್ಷದಲ್ಲಿ 31 ದಿನದ ತಿಂಗಳು ಏಳು ಇವೆ. ವಾರಗಳೂ ಏಳು. ಆದ್ದರಿಂದ ಶುಕ್ರವಾರ ಶುರುವಾಗುವ 31 ದಿನದ ತಿಂಗಳು ಸರಾಸರಿ ವರ್ಷಕ್ಕೊಂದು ಸಿಗುತ್ತದೆ. ನಿಮ್ಮ ಫೋನಿನ ಕ್ಯಾಲೆಂಡರ್ ತೆರೆದು ಹಿಂದಕ್ಕೆ ಸರಿಸುತ್ತ ಹೋಗಿ: 2020ರ ಮೇ, 2021ರ ಜನವರಿ, 2021ರ ಅಕ್ಟೋಬರ್, 2022ರ ಜುಲೈ, 2023ರ ಡಿಸೆಂಬರ್, 2024ರ ಮಾರ್ಚ್, 2025ರ ಆಗಸ್ಟ್, 2026ರ ಮೇ. ಏಳು ವರ್ಷಗಳಲ್ಲಿ ಎಂಟು ಸಲ ಬಂದಿದೆ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 2020ರ ಮೇ ಅಂದರೆ ಲಾಕ್‌ಡೌನ್‌ನ ತಿಂಗಳು. ಕೂಲಿ ಇಲ್ಲ, ಬಸ್ ಇಲ್ಲ, ಸಂತೆ ಇಲ್ಲ. 2023ರ ಡಿಸೆಂಬರ್ ಮತ್ತು 2024ರ ಮಾರ್ಚ್ ಬಂದದ್ದು ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದ ವರ್ಷದಲ್ಲಿ. ಒಂದೇ ಬರಗಾಲದ ನಡುವೆ, ಮೂರು ತಿಂಗಳ ಅಂತರದಲ್ಲಿ, ಎರಡು ಸಲ ‘823 ವರ್ಷಕ್ಕೊಮ್ಮೆ ಬರುವ ಹಣದ ಚೀಲ’ ಬಂದು ಹೋಗಿದೆ!

823 ಎಂಬ ಸಂಖ್ಯೆ ಸುಳ್ಳು ಎನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ನಾವು ಬಳಸುವ ಇಂಗ್ಲಿಷ್ ಕ್ಯಾಲೆಂಡರಿನ ನಿಯಮದಂತೆ 400 ವರ್ಷಕ್ಕೆ 1,46,097 ದಿನ. ಇದನ್ನು 7ರಿಂದ ಭಾಗಿಸಿದರೆ ಶೇಷವಿಲ್ಲದೆ 20,871 ವಾರ. ಅಂದರೆ ಪ್ರತಿ 400 ವರ್ಷಕ್ಕೆ ಇಡೀ ಕ್ಯಾಲೆಂಡರ್, ವಾರವೂ ಸೇರಿದಂತೆ, ಇದ್ದಂತೆಯೇ ಮರಳಿ ಬರುತ್ತದೆ. ಹಾಗಾಗಿ ತಾರೀಖು ಮತ್ತು ವಾರದ ಯಾವುದೇ ಜೋಡಣೆ 400 ವರ್ಷಕ್ಕಿಂತ ಅಪರೂಪವಾಗಿರಲು ಸಾಧ್ಯವೇ ಇಲ್ಲ. ಇನ್ನು ಮುಂದೆ 823 ವರ್ಷ, 1000 ವರ್ಷ ಎಂದು ವಾರದ ಲೆಕ್ಕ ಹೇಳುವ ಫಾರ್ವರ್ಡ್ ಬಂದರೆ ಓದುವ ಮೊದಲೇ ಅಳಿಸಬಹುದು.

ಇದರ ಅಣ್ಣತಮ್ಮಂದಿರೂ ಇದ್ದಾರೆ. ‘ಈ ಫೆಬ್ರುವರಿಯಲ್ಲಿ ನಾಲ್ಕು ಸೋಮವಾರ, ನಾಲ್ಕು ಮಂಗಳವಾರ, ಎಲ್ಲವೂ ನಾಲ್ಕು ನಾಲ್ಕು’ ಎಂಬ ಸಂದೇಶ ನೀವೂ ನೋಡಿರಬಹುದು. 28 ದಿನದ ಪ್ರತಿ ಫೆಬ್ರುವರಿಯೂ ಹಾಗೆಯೇ ಇರುತ್ತದೆ. ‘ನಿಮ್ಮ ವಯಸ್ಸಿಗೆ ಹುಟ್ಟಿದ ಇಸವಿ ಕೂಡಿಸಿ, ಎಲ್ಲರಿಗೂ ಈ ವರ್ಷದ ಸಂಖ್ಯೆಯೇ ಬರುತ್ತದೆ, ಸಾವಿರ ವರ್ಷಕ್ಕೊಮ್ಮೆ ಹೀಗಾಗುತ್ತದೆ’ ಎಂಬುದು ಇನ್ನೊಂದು. ಹುಟ್ಟಿದ ವರ್ಷಕ್ಕೆ ವಯಸ್ಸು ಕೂಡಿಸಿದರೆ ಈಗಿನ ವರ್ಷ ಬಾರದೆ ಮತ್ತೇನು ಬರಬೇಕು? ಪ್ರತಿ ವರ್ಷ ಬರುವುದೂ ಅದೇ.

ಹಾಗಿದ್ದರೂ ನಂಬಿಕೆ ಹುಟ್ಟುವುದೇಕೆ?

ಕಾರಣ ಸರಳ. ಸಂದೇಶದ ಮೊದಲ ಸಾಲನ್ನು ನಾವು ಪರೀಕ್ಷಿಸಬಹುದು. ಕ್ಯಾಲೆಂಡರ್ ನೋಡಿದರೆ ಐದು ಶುಕ್ರವಾರ ಕಣ್ಣಿಗೆ ಕಾಣುತ್ತವೆ. ಒಂದು ಮಾತು ನಿಜವೆಂದು ಕಂಡೊಡನೆ ಅದರ ಹಿಂದೆ ಬಂದ ಮಾತುಗಳನ್ನೂ ಮನಸ್ಸು ಒಳಗೆ ಬಿಟ್ಟುಕೊಳ್ಳುತ್ತದೆ. ಲೆಕ್ಕ ಸರಿ ಇದ್ದರೆ ಅರ್ಥವೂ ಸರಿ ಇರಬೇಕು ಎಂಬುದು ನಮ್ಮ ಊಹೆ.

ಈ ಊಹೆಯನ್ನು ಪರೀಕ್ಷೆಗೆ ಒಡ್ಡಲು ಒಂದು ವಿಚಿತ್ರ ಸಾಫ್ಟ್‌ವೇರ್ ಇದೆ. ಅದರ ಹೆಸರು ಡಿಡೇಟ್. ನೀವು ಕೊಟ್ಟ ತಾರೀಖನ್ನು ಅದು ಒಂದು ‘ಧರ್ಮ’ದ ಕ್ಯಾಲೆಂಡರಿಗೆ ಪರಿವರ್ತಿಸಿ ಕೊಡುತ್ತದೆ. ಒಂದು ದಿನವೂ ತಪ್ಪುವುದಿಲ್ಲ. ಆದರೆ ಆ ಧರ್ಮವೇ ಒಂದು ತಮಾಷೆ.

ತಮಾಷೆ ಧರ್ಮ, ಗಂಭೀರ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾದ ಗ್ರೆಗ್ ಹಿಲ್ ಮತ್ತು ಕೆರಿ ಥಾರ್ನ್‌ಲೀ ಎಂಬ ಇಬ್ಬರು ಗೆಳೆಯರು ಸೇರಿ ಡಿಸ್ಕಾರ್ಡಿಯನಿಸಂ ಎಂಬ ಅಣಕು ಧರ್ಮವನ್ನು ಹುಟ್ಟುಹಾಕಿದರು. 1960ರ ದಶಕದಲ್ಲಿ ಅದಕ್ಕೊಂದು ‘ಪವಿತ್ರ ಗ್ರಂಥ’ವನ್ನೂ ಬರೆದರು. ಅದರ ಹೆಸರು ಪ್ರಿನ್ಸಿಪಿಯಾ ಡಿಸ್ಕಾರ್ಡಿಯಾ. ಆರಾಧ್ಯ ದೇವತೆಯಾಗಿ ಅವರು ಆರಿಸಿಕೊಂಡದ್ದು ಗ್ರೀಕರ ಜಗಳದ ದೇವತೆ ಎರಿಸ್‌ಳನ್ನು. ಜಗತ್ತಿನಲ್ಲಿ ನಾವು ಕಾಣುವ ವ್ಯವಸ್ಥೆ ಬಹುಪಾಲು ನಾವೇ ಹೊದಿಸಿದ್ದು ಎಂಬುದು ಆ ನಗೆಯ ಹಿಂದಿದ್ದ ವಿಚಾರ.

ಧರ್ಮ ಎಂದ ಮೇಲೆ ಕ್ಯಾಲೆಂಡರ್ ಬೇಡವೇ? ಅದನ್ನೂ ಮಾಡಿದರು. ವರ್ಷದ 365 ದಿನವನ್ನು 73 ದಿನಗಳ ಐದು ಋತುಗಳಾಗಿ ಹಂಚಿದರು: ಕೇಯಾಸ್, ಡಿಸ್ಕಾರ್ಡ್, ಕನ್‌ಫ್ಯೂಷನ್, ಬ್ಯೂರಾಕ್ರಸಿ, ಆಫ್ಟರ್‌ಮತ್. ಕನ್ನಡದಲ್ಲಿ ಅಲ್ಲೋಲಕಲ್ಲೋಲ, ಒಡಕು, ಗಲಿಬಿಲಿ, ಅಧಿಕಾರಶಾಹಿ, ಆಮೇಲಿನ ಪಾಡು ಎನ್ನಬಹುದು. ವಾರಕ್ಕೆ ಐದೇ ದಿನ: ಸ್ವೀಟ್‌ಮಾರ್ನ್, ಬೂಮ್‌ಟೈಮ್, ಪಂಜೆನ್‌ಡೇ, ಪ್ರಿಕಲ್-ಪ್ರಿಕಲ್, ಸೆಟ್ಟಿಂಗ್ ಆರೆಂಜ್. ಫೆಬ್ರುವರಿ 29 ಬಂದರೆ ಅದನ್ನು ಯಾವ ಋತುವಿಗೂ ಯಾವ ವಾರಕ್ಕೂ ಸೇರಿಸದೆ ಸೇಂಟ್ ಟಿಬ್ಸ್ ಡೇ ಎಂದು ಹೊರಗೆ ನಿಲ್ಲಿಸಿದರು. ವರ್ಷದ ಸಂಖ್ಯೆ ಬೇಕಿದ್ದರೆ ನಮ್ಮ ಇಸವಿಗೆ 1166 ಕೂಡಿಸಬೇಕು. ಹೀಗೆ 2026 ಅವರ ಲೆಕ್ಕದಲ್ಲಿ 3192.

ಮುಂದೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಈ ನಗೆಯಲ್ಲಿ ಪಾಲ್ಗೊಂಡರು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಕಪ್ಪು ಪರದೆಯ ಮೇಲೆ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ನಡೆಯುತ್ತದೆ. ಡೇಟ್ ಎಂದು ಟೈಪ್ ಮಾಡಿದರೆ ಇಂದಿನ ತಾರೀಖು ಬರುತ್ತದೆ. ಅದರ ಹಿಂದೆ ಒಂದು ‘ಡಿ’ ಸೇರಿಸಿ ಡಿಡೇಟ್ ಎಂದರೆ ಡಿಸ್ಕಾರ್ಡಿಯನ್ ತಾರೀಖು ಬರುತ್ತದೆ. ಈ ಪುಟ್ಟ ಪ್ರೋಗ್ರಾಂ ಬಹಳ ವರ್ಷ ಯುಟಿಲ್-ಲಿನಕ್ಸ್ ಎಂಬ ಸಾಧನಗಳ ಕಟ್ಟಿನಲ್ಲಿತ್ತು. ಲಿನಕ್ಸ್ ಹಾಕಿದ ಬಹುತೇಕ ಕಂಪ್ಯೂಟರುಗಳಿಗೆ ಅಗತ್ಯವಾದ ಕಟ್ಟು ಅದು. ಬ್ಯಾಂಕಿನ ಸರ್ವರ್‌ನಲ್ಲಿ, ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಗಂಭೀರ ಸಾಧನಗಳ ಪಕ್ಕದಲ್ಲೇ ಈ ತಮಾಷೆಯೂ ಕುಳಿತಿರಬಹುದಿತ್ತು. ನಂತರ ಅದನ್ನು ಆ ಕಟ್ಟಿನಿಂದ ತೆಗೆದರು. ಈಗ ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳಬಹುದು.

ನಮ್ಮ ಹಬ್ಬಗಳನ್ನು ಡಿಸ್ಕಾರ್ಡಿಯನ್ ಮಾಡಿದರೆ

ಈ ಲೆಕ್ಕಕ್ಕೆ ಕಂಪ್ಯೂಟರೂ ಬೇಡ, ಬೆರಳೆಣಿಕೆ ಸಾಕು. ನವೆಂಬರ್ 1, ಕನ್ನಡ ರಾಜ್ಯೋತ್ಸವ, ವರ್ಷದ 305ನೇ ದಿನ. ಮೊದಲ ನಾಲ್ಕು ಋತುಗಳ 292 ದಿನ ಕಳೆದರೆ 13 ಉಳಿಯುತ್ತದೆ. ಅಂದರೆ ಆಫ್ಟರ್‌ಮತ್ 13. ವಾರ ಸೆಟ್ಟಿಂಗ್ ಆರೆಂಜ್. 365 ಎಂಬುದು 5ರಿಂದ ಸರಿಯಾಗಿ ಭಾಗವಾಗುವುದರಿಂದಲೂ ಫೆಬ್ರುವರಿ 29 ಲೆಕ್ಕದ ಹೊರಗೆ ಇರುವುದರಿಂದಲೂ ರಾಜ್ಯೋತ್ಸವ ಎಲ್ಲ ವರ್ಷವೂ ಇದೇ ವಾರ ಬರುತ್ತದೆ. ಜನವರಿ 26 ಸದಾ ಸ್ವೀಟ್‌ಮಾರ್ನ್, ಕೇಯಾಸ್ 26. ಆಗಸ್ಟ್ 15 ಸದಾ ಬೂಮ್‌ಟೈಮ್, ಬ್ಯೂರಾಕ್ರಸಿ 8. ಸ್ವಾತಂತ್ರ್ಯ ಸಿಕ್ಕ ದಿನ ಅಧಿಕಾರಶಾಹಿಯ ಋತುವಿನಲ್ಲಿ ಬರುವುದನ್ನು ಕಂಡು, ಕಚೇರಿ ಅಲೆದವರು ‘ಲೆಕ್ಕ ಸರಿಯಾಗಿಯೇ ಇದೆ’ ಎಂದು ನಗಬಹುದು.

ಈಗ 2026ರ ಯುಗಾದಿಯನ್ನು ನೋಡಿ. ಅದು ಮಾರ್ಚ್ 19, ವರ್ಷದ 78ನೇ ದಿನ. 73 ಕಳೆದರೆ ಡಿಸ್ಕಾರ್ಡ್ 5. ಡಿಸ್ಕಾರ್ಡಿಯನ್ನರ ಪ್ರತಿ ಋತುವಿನ 5ನೇ ದಿನ ಒಂದು ಹಬ್ಬ. ಡಿಸ್ಕಾರ್ಡ್ ಋತುವಿನ ಆ ಹಬ್ಬದ ಹೆಸರು ಮೋಜೋಡೇ. ಅಂದರೆ ಈ ವರ್ಷ ನಮ್ಮ ಯುಗಾದಿಯೂ ಅವರ ಮೋಜೋಡೇಯೂ ಒಂದೇ ದಿನ ಬಂದವು!

ಇದನ್ನು ಹೀಗೆ ಬರೆದರೆ ಹೇಗಿರುತ್ತದೆ ಯೋಚಿಸಿ: ‘ಪೂರ್ವ ಮತ್ತು ಪಶ್ಚಿಮದ ಎರಡು ಹಬ್ಬಗಳು ಒಂದೇ ದಿನ! ಐದು ಋತುಗಳ ಕ್ಯಾಲೆಂಡರಿನಲ್ಲಿ ಐದನೇ ದಿನ! ಐದು ಜನರಿಗೆ ಕಳಿಸಿ!’ ಇದರ ಲೆಕ್ಕದಲ್ಲಿ ಒಂದೂ ಸುಳ್ಳಿಲ್ಲ. ಸಾಫ್ಟ್‌ವೇರ್ ಕೂಡ ಹೌದು ಎನ್ನುತ್ತದೆ. ಆದರೂ ಇದರಿಂದ ಯಾರ ಹೊಲಕ್ಕೂ ಮಳೆ ಬರುವುದಿಲ್ಲ, ಏಕೆಂದರೆ ಮೋಜೋಡೇಯನ್ನು ಇಬ್ಬರು ಗೆಳೆಯರು ನಗಲಿಕ್ಕೆಂದು ಕಟ್ಟಿದ್ದರು. ಲೆಕ್ಕ ಸರಿ ಇರುವುದು ಬೇರೆ, ಆ ಲೆಕ್ಕಕ್ಕೆ ನಾವು ಅಂಟಿಸುವ ಅರ್ಥ ನಿಜವಾಗಿರುವುದು ಬೇರೆ. ಡಿಡೇಟ್ ಇದನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಕಲಿಸುತ್ತದೆ.

ಆ ಅಣಕು ಧರ್ಮದಲ್ಲಿ ‘ಐದರ ನಿಯಮ’ ಎಂಬುದೂ ಇದೆ. ಜಗತ್ತಿನ ಎಲ್ಲವೂ ಹೇಗಾದರೂ ಮಾಡಿ 5ಕ್ಕೆ ಸಂಬಂಧಿಸಿದೆ ಎಂದು ಅದು ಹೇಳುತ್ತದೆ. ಹುಡುಕಿದಷ್ಟೂ 5 ಸಿಗುತ್ತ ಹೋಗುತ್ತದೆ. ನಗೆ ಇರುವುದು ಇಲ್ಲಿಯೇ. 5 ಸಿಗುವುದು ಜಗತ್ತು ಹಾಗಿದೆ ಎಂದಲ್ಲ, ನಾವು 5ನ್ನೇ ಹುಡುಕುತ್ತಿದ್ದೇವೆ ಎಂದು. ಐರಣಿಯಿಂದ ಬಂದ ಫಾರ್ವರ್ಡನ್ನು ಮತ್ತೆ ನೋಡಿ: ಐದು ಶುಕ್ರವಾರ, ಐದು ಶನಿವಾರ, ಐದು ಭಾನುವಾರ, ಐದು ಜನರಿಗೆ ಕಳಿಸಿ. ಅದೇ ತಿಂಗಳಲ್ಲಿ ನಾಲ್ಕು ಸೋಮವಾರ, ನಾಲ್ಕು ಮಂಗಳವಾರ, ನಾಲ್ಕು ಬುಧವಾರ, ನಾಲ್ಕು ಗುರುವಾರ ಇವೆ. ಅವುಗಳ ಬಗ್ಗೆ ಸಂದೇಶ ಮಾತಾಡುವುದಿಲ್ಲ. ಬೇಕಾದ್ದನ್ನು ಎಣಿಸಿ, ಬೇಡದ್ದನ್ನು ಬಿಡುವುದನ್ನು ಮನೋವಿಜ್ಞಾನಿಗಳು ದೃಢೀಕರಣ ಪಕ್ಷಪಾತ ಎನ್ನುತ್ತಾರೆ. ನಂಬಿದ್ದಕ್ಕೆ ಒಪ್ಪುವ ಸಾಕ್ಷಿ ಮಾತ್ರ ಕಣ್ಣಿಗೆ ಬೀಳುವುದು ಎಂದರ್ಥ.

ಹಾಗಾದರೆ ಪಂಚಾಂಗವೂ ತಮಾಷೆಯೇ?

ಇಲ್ಲಿ ಅವಸರ ಮಾಡಬಾರದು. ಪಂಚಾಂಗದಲ್ಲಿ ಮೂರು ಬಗೆಯ ಸಂಗತಿಗಳಿವೆ. ಅವುಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲನೆಯದು ಆಕಾಶದ ಅಳತೆ. ತಿಥಿ ಎಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ. ಅಮಾವಾಸ್ಯೆಯ ರಾತ್ರಿ ಚಂದ್ರ ಕಾಣುವುದಿಲ್ಲ, ಹುಣ್ಣಿಮೆಯಂದು ಪೂರ್ತಿ ಕಾಣುತ್ತಾನೆ. ಇದನ್ನು ಯಾರು ಬೇಕಾದರೂ ಅಂಗಳದಲ್ಲಿ ನಿಂತು ಪರೀಕ್ಷಿಸಬಹುದು. ಚಾಂದ್ರಮಾನ ವರ್ಷ ಸುಮಾರು 354 ದಿನ, ಸೌರ ವರ್ಷ ಸುಮಾರು 365 ದಿನ. ವರ್ಷಕ್ಕೆ 11 ದಿನದಂತೆ ಉಳಿಯುವ ಅಂತರವನ್ನು ತುಂಬಲು ಹೆಚ್ಚುಕಡಿಮೆ 33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಇದು ಉತ್ತಮ ಗಣಿತ.

ಎರಡನೆಯದು ಒಪ್ಪಂದ. ವರ್ಷವನ್ನು ಎಲ್ಲಿಂದ ಎಣಿಸಬೇಕು, ಅದಕ್ಕೆ ಏನು ಹೆಸರಿಡಬೇಕು ಎಂಬುದನ್ನು ಆಕಾಶ ಹೇಳುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ. ನಮ್ಮ ನಾಡಿನ ಕಲ್ಲುಗಳಲ್ಲೇ ಇದಕ್ಕೆ ಸಾಕ್ಷಿ ಇದೆ. ಕವಿ ರವಿಕೀರ್ತಿಯ ಐಹೊಳೆ ಶಾಸನ ತನ್ನ ಕಾಲವನ್ನು ಎರಡು ರೀತಿಯಲ್ಲಿ ಹೇಳುತ್ತದೆ: ಭಾರತ ಯುದ್ಧದಿಂದ 3735 ವರ್ಷ, ಶಕ ವರ್ಷ 556. ಎರಡೂ ಒಂದೇ ವರ್ಷವನ್ನು, ಇಂದಿನ ಲೆಕ್ಕದ ಕ್ರಿ.ಶ. 634-35ನ್ನು ತೋರಿಸುತ್ತವೆ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕ ವರ್ಷವನ್ನೇ ಬದಿಗೆ ಸರಿಸಿ ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷವನ್ನು ಶುರುಮಾಡಿದ. ಒಬ್ಬ ರಾಜ ಮನಸ್ಸು ಮಾಡಿದ್ದಕ್ಕೆ ಅವನ ರಾಜ್ಯದ ಶಾಸನಗಳಲ್ಲಿ ವರ್ಷದ ಸಂಖ್ಯೆ ಮತ್ತೆ ಒಂದರಿಂದ ಶುರುವಾಯಿತು. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಗಳಿರುವ ಈ ಸೀಮೆ ಆಗ ಚಾಲುಕ್ಯರ ನಾಡೇ ಆಗಿತ್ತು. ರಾಜನ ವಂಶದ ಬಲ ಕುಂದಿದ ಮೇಲೆ ಅವನ ವರ್ಷವೂ ಬಳಕೆಯಿಂದ ಹೋಯಿತು, ಶಕ ವರ್ಷ ಉಳಿಯಿತು.

ಸ್ವತಂತ್ರ ಭಾರತದಲ್ಲೂ ಇಂಥ ಒಪ್ಪಂದ ನಡೆದಿದೆ. ದೇಶದಲ್ಲಿ ಹಲವು ಪಂಚಾಂಗಗಳು ಇದ್ದುದರಿಂದ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ, ಅಂದರೆ ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಸರ್ಕಾರದ ಗೆಜೆಟ್ ಮೇಲೆ ಇಂದಿಗೂ ಆ ತಾರೀಖು ಇರುತ್ತದೆ. ಯುರೋಪಿನ ಕಥೆಯೂ ಇದೇ. ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ನಡುವಿನ 11 ತಾರೀಖುಗಳು ಕಾಗದದ ಮೇಲೆ ಮಾಯವಾದವು. ಸೂರ್ಯ ಮಾತ್ರ ಎಂದಿನಂತೆ ಮರುದಿನವೇ ಹುಟ್ಟಿದ.

ಮೂರನೆಯದು ಫಲ. ಈ ದಿನ ಮಾಡಿದರೆ ಲಾಭ, ಆ ದಿನ ಮಾಡಿದರೆ ನಷ್ಟ ಎನ್ನುವ ಭಾಗ. ಇದು ಆಕಾಶದ ಅಳತೆಯಿಂದಲೂ ಹೊರಡುವುದಿಲ್ಲ, ಎಣಿಕೆಯ ಒಪ್ಪಂದದಿಂದಲೂ ಹೊರಡುವುದಿಲ್ಲ. ಮೊದಲ ಎರಡರ ಪಕ್ಕದಲ್ಲಿ ಕುಳಿತಿರುವುದರಿಂದ ಅವುಗಳ ಗೌರವ ಇದಕ್ಕೂ ಸಿಗುತ್ತದೆ ಅಷ್ಟೆ. ಮನೆಯ ಮದುವೆಗೆ, ಗೃಹಪ್ರವೇಶಕ್ಕೆ ದಿನ ನೋಡುವುದು ಅವರವರ ನಂಬಿಕೆ. ಅದರಿಂದ ಯಾರಿಗೂ ತೊಂದರೆ ಇಲ್ಲದಿದ್ದರೆ ನಮ್ಮ ತಕರಾರೂ ಇಲ್ಲ. ಆದರೆ ಔಷಧಿ, ಆಪರೇಶನ್, ಸಾಲದ ಕಂತು, ಪರೀಕ್ಷೆ ಇವು ಬಂದಾಗ ಮೂರನೆಯದನ್ನು ಮೊದಲನೆಯದರಂತೆ ನಂಬುವುದು ಅಪಾಯ.

ಇನ್ನೊಂದು ಸ್ವಾರಸ್ಯ ಇದೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಸಂಪ್ರದಾಯ ಪಾಲಿಸುವ ಮನೆಗಳಲ್ಲಿ ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಅಂದರೆ ಫಾರ್ವರ್ಡ್ ‘ಅಪೂರ್ವ ಶುಭ ತಿಂಗಳು’ ಎಂದು ಕೊಂಡಾಡಿದ ಮೇ ತಿಂಗಳ ಅರ್ಧ ಭಾಗ ನಮ್ಮ ಪಂಚಾಂಗದ ಪ್ರಕಾರವೇ ಶುಭಕಾರ್ಯಕ್ಕೆ ಸಲ್ಲದು. ಈ ಸಂದೇಶಕ್ಕೆ ವಿಜ್ಞಾನದ ಬೆಂಬಲವೂ ಇಲ್ಲ, ಸಂಪ್ರದಾಯದ ಬೆಂಬಲವೂ ಇಲ್ಲ.

ತಾರೀಖಿನ ಪರಿವರ್ತನೆ ನಿಜಕ್ಕೂ ಬೇಕಾಗುವುದು ಎಲ್ಲಿ?

ಡಿಡೇಟ್ ಮಾಡುವ ಕೆಲಸವನ್ನೇ ಶಾಸನತಜ್ಞರು ಗಂಭೀರವಾಗಿ ಮಾಡುತ್ತಾರೆ. ಕಲ್ಲಿನ ಮೇಲೆ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಇರುತ್ತವೆ. ಅವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿ ಇಂದಿನ ತಾರೀಖಿಗೆ ತರುತ್ತಾರೆ. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲಿ ಇದಕ್ಕೆಂದೇ ಕೋಷ್ಟಕಗಳ ಪುಸ್ತಕ ಪ್ರಕಟಿಸಿದರು. ಹಿಂದೆ ಜಮೀನಿನ ಹಕ್ಕು ಸಾಧಿಸಲು ನಕಲಿ ತಾಮ್ರಶಾಸನ ಮಾಡಿಸಿದವರಿದ್ದರು. ಅಂಥವನ್ನು ಹಿಡಿಯಲು ಸಿಕ್ಕ ಸುಳಿವುಗಳಲ್ಲಿ ತಾರೀಖು ತಾಳೆಯಾಗದಿರುವುದೂ ಒಂದು. ಆದರೆ ತಾಳೆಯಾದ ಮಾತ್ರಕ್ಕೆ ಶಾಸನ ಅಸಲಿ ಎಂದು ಯಾರೂ ಒಪ್ಪುವುದಿಲ್ಲ. ಲಿಪಿ, ಭಾಷೆ, ರಾಜನ ಹೆಸರು ಎಲ್ಲವನ್ನೂ ನೋಡುತ್ತಾರೆ. ಲೆಕ್ಕ ತಪ್ಪಿದರೆ ಸಂಶಯ ಹುಟ್ಟುತ್ತದೆ. ಲೆಕ್ಕ ಸರಿಯಾದರೆ ವಿಚಾರಣೆ ಮುಂದುವರಿಯುತ್ತದೆ. ಫಾರ್ವರ್ಡ್‌ಗಳಿಗೂ ನಾವು ಇದೇ ಅಳತೆ ಹಿಡಿಯಬೇಕು.

ಮನೆಯೊಳಗೂ ಇದರ ಉಪಯೋಗವಿದೆ. ನಮ್ಮ ತಂಡದ ಒಬ್ಬರ ಅಜ್ಜಿಯ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದೆ. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಹುಟ್ಟುಹಬ್ಬ ಹೀಗೆ ಜನವರಿ 1 ಅಥವಾ ಶಾಲೆಗೆ ಸೇರಿಸಿದ ಲೆಕ್ಕದ ಜೂನ್ 1. ಅಜ್ಜಿಗೆ ಗೊತ್ತಿರುವುದು ಒಂದೇ: ‘ವಿಕ್ರಮ ಸಂವತ್ಸರ, ನಾಗರ ಪಂಚಮಿ ಮರುದಿನ.’ ಇದನ್ನು ಇಸವಿಗೆ ತರುವುದು ಸುಲಭ. ದಕ್ಷಿಣ ಭಾರತದ ಪದ್ಧತಿಯಲ್ಲಿ ಸಂವತ್ಸರಗಳು 60. ಯುಗಾದಿ ಬಂದ ಇಸವಿಯಿಂದ 6 ಕಳೆದು 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1987ಕ್ಕೆ ಶೇಷ 1, ಅಂದರೆ ಪ್ರಭವ. 2026ಕ್ಕೆ ಶೇಷ 40, ಅಂದರೆ ಪರಾಭವ. ಶೇಷ ಸೊನ್ನೆ ಬಂದರೆ 60ನೆಯದು, ಅಕ್ಷಯ.

ವಿಕ್ರಮ 14ನೆಯದು. 14 ಶೇಷ ಬರುವ ಹತ್ತಿರದ ಇಸವಿಗಳು 1940 ಮತ್ತು 2000. ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿ 2000ದಲ್ಲಿ ಹುಟ್ಟಿರಲಾರರು. ಹಾಗಾಗಿ 1940. ಆ ವರ್ಷ ಶ್ರಾವಣ ಮಾಸ ಶುರುವಾದದ್ದು ಆಗಸ್ಟ್ ಮೊದಲ ವಾರದಲ್ಲಿ, ಪಂಚಮಿಯ ಮರುದಿನ ಬರುವುದು ಎರಡನೇ ವಾರದ ಸುಮಾರಿಗೆ. ಕಾಗದದ ಮೇಲಿನ ವಯಸ್ಸಿಗಿಂತ ಅಜ್ಜಿ ಐದು ವರ್ಷ ದೊಡ್ಡವರು! ವೃದ್ಧಾಪ್ಯ ವೇತನಕ್ಕೆ ವಯಸ್ಸೇ ಆಧಾರವಾಗಿರುವ ನಾಡಿನಲ್ಲಿ ಐದು ವರ್ಷ ಸಣ್ಣ ಮಾತಲ್ಲ. ಹೀಗೆ ಸಿಕ್ಕ ಇಸವಿಯೂ ಅಜ್ಜಿಯ ನೆನಪಿನಷ್ಟೇ ಗಟ್ಟಿ, ದಾಖಲೆ ತಿದ್ದಿಸಲು ಬೇರೆ ಪುರಾವೆ ಬೇಕು. ಆದರೂ ಎಂಬತ್ತೈದು ದಾಟಿದ ಜೀವಕ್ಕೆ ತನ್ನ ಹುಟ್ಟಿದ ತಿಂಗಳು ಸಿಕ್ಕಿತಲ್ಲ, ಮನೆಯವರಿಗೆ ಅದೇ ದೊಡ್ಡದಾಯಿತು.

ಅಪ್ಪನ ಕಣ್ಣು, ಅವ್ವನ ಭಯ

ಈಗ ಐರಣಿಯ ಪ್ರಶ್ನೆಗೆ ಮರಳೋಣ. ಕಣ್ಣಿನ ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ಮಂಜಾಗುವುದು. ಹನಿ ಔಷಧಿಯಿಂದ ಅದು ಕರಗುವುದಿಲ್ಲ. ಮಂಜಾದ ಮಸೂರ ತೆಗೆದು ಕೃತಕ ಮಸೂರ ಇಡುವುದೇ ಚಿಕಿತ್ಸೆ. ತಾರೀಖು ಕೊಡುವ ಮೊದಲು ವೈದ್ಯರು ರಕ್ತದ ಸಕ್ಕರೆ, ಬಿ.ಪಿ., ಕಣ್ಣಿನ ಸೋಂಕು ಮುಂತಾದವನ್ನು ನೋಡುತ್ತಾರೆ. ಸಾಮಾನ್ಯವಾಗಿ ಇದು ಗಂಟೆ ಗಂಟೆಗೆ ಓಡಬೇಕಾದ ತುರ್ತಲ್ಲ. ಆದರೆ ಮಂಜು ಕಣ್ಣಿನಲ್ಲಿ ಹಿರಿಯರು ಹೊಸ್ತಿಲು ಎಡವಿ, ಬಚ್ಚಲಲ್ಲಿ ಜಾರಿ ಬೀಳುವ ಅಪಾಯ ದಿನವೂ ಇದ್ದೇ ಇರುತ್ತದೆ. ಬಹಳ ಕಾಲ ಬಿಟ್ಟರೆ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯೇ ಕಷ್ಟವಾಗಬಹುದು. ಬಿಟ್ಟ ತಾರೀಖು ಮತ್ತೆ ಯಾವಾಗ ಸಿಗುತ್ತದೆ ಎಂಬುದಕ್ಕೂ ಖಾತ್ರಿ ಇಲ್ಲ. ಮುಂದೂಡಬೇಕಾದರೆ ಅದಕ್ಕೆ ವೈದ್ಯರು ಹೇಳಿದ ಕಾರಣ ಇರಬೇಕು. ಶುಕ್ರವಾರಗಳ ಎಣಿಕೆ ಆ ಕಾರಣ ಆಗಲಾರದು.

ಅವ್ವನನ್ನು ಬೈಯಬೇಡಿ ಎಂದೂ ನಾವು ಬರೆದೆವು. ಇಂಥ ಫಾರ್ವರ್ಡ್ ಕಳಿಸುವವರು ದಡ್ಡರಲ್ಲ. ಮನೆಯಲ್ಲಿ ಕಾಯಿಲೆ, ಸಾಲ, ಬೆಳೆಯ ಚಿಂತೆ ಇದ್ದಾಗ ಒಳ್ಳೆಯ ದಿನ ಬರುತ್ತದೆ ಎಂಬ ಮಾತು ಆಸರೆಯಂತೆ ಕಾಣುತ್ತದೆ. ಕಳಿಸದಿದ್ದರೆ ನಷ್ಟ ಎಂಬ ಸಾಲು ಆ ಆಸರೆಗೆ ಭಯದ ಗಂಟು ಹಾಕುತ್ತದೆ. ಗಂಡನ ಕಣ್ಣಿಗೆ ಏನಾದರೂ ಆದೀತು ಎಂಬ ಆತಂಕವೇ ಅವರ ಮಾತಿನ ಹಿಂದೆ ಇದ್ದದ್ದು. ಆ ಆತಂಕಕ್ಕೆ ಉತ್ತರ ಕೊಡಬೇಕಾದವರು ಕಣ್ಣಿನ ವೈದ್ಯರು. ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ ಎಂದು ಹೇಳಿದೆವು. ಮೇಲಿನ ಎಂಟು ತಿಂಗಳ ಪಟ್ಟಿಯನ್ನೂ ಕಳಿಸಿದೆವು.

ಎರಡು ದಿನದ ಮೇಲೆ ಉತ್ತರ ಬಂತು. ಮಗಳು ಅವ್ವನ ಕೈಗೇ ಫೋನ್ ಕೊಟ್ಟು 2024ರ ಮಾರ್ಚ್ ತೆರೆಸಿದ್ದರು. ಅವ್ವ ಶುಕ್ರವಾರಗಳನ್ನು ಬೆರಳಿಟ್ಟು ಎಣಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ವರ್ಷ ಬೋರ್ ಸೈತ ಬತ್ತಿ ಹೋಗಿತ್ತಲ್ಲ’ ಎಂದರಂತೆ. ಆಪರೇಶನ್ ವೈದ್ಯರು ಹೇಳಿದ ತಾರೀಖಿಗೇ ಇದೆ.

ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ

ಒಂದು, ಇದರಲ್ಲಿ ಪರೀಕ್ಷಿಸಬಹುದಾದ ಮಾತು ಯಾವುದು? ವಾರ, ತಾರೀಖು ಇದ್ದರೆ ಫೋನಿನ ಕ್ಯಾಲೆಂಡರಿನಲ್ಲಿ ಹಿಂದಿನ ಐದಾರು ವರ್ಷ ನೋಡಿ. ‘ಅಪರೂಪ’ ಎಂಬುದು ನಿಂತೀತೇ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡು, ಪರೀಕ್ಷಿಸಿದ ಮಾತಿನಿಂದ ಮುಂದಿನ ಮಾತು ಹೊರಡುತ್ತದೆಯೇ, ಅಥವಾ ಬರೀ ಪಕ್ಕದಲ್ಲಿ ಕುಳಿತಿದೆಯೇ? ಐದು ಭಾನುವಾರಕ್ಕೂ ನಿಮ್ಮ ಮನೆಗೆ ದುಡ್ಡು ಬರುವುದಕ್ಕೂ ನಡುವೆ ಯಾವ ದಾರಿ ಇದೆ ಎಂದು ಕೇಳಿಕೊಳ್ಳಿ.

ಮೂರು, ಇದನ್ನು ನಂಬಿದವರು ಏನನ್ನಾದರೂ ಮುಂದೂಡುತ್ತಾರೆಯೇ, ಬಿಡುತ್ತಾರೆಯೇ, ಯಾರಿಗಾದರೂ ಹಣ ಕೊಡುತ್ತಾರೆಯೇ? ಹೌದು ಎಂದಾದರೆ ಅದು ಬರೀ ತಮಾಷೆಯ ಸಂದೇಶವಲ್ಲ. ನಿಮ್ಮ ಫೋನಿನಲ್ಲೇ ಅದು ನಿಲ್ಲಲಿ.